ಅವ್ವನ ನಿದ್ದಿ ಗುಳಿಗಿ, ಆಸ್ಪತ್ರೆಯ ಕರೆಂಟು: ಇವೆರಡರ ನಡುವಿನ ತೊಂಬತ್ತು ವರ್ಷದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಕೇಳ್ತಿರೋ ಗೆಳೆಯರೇ, ಇವತ್ತಿನ ಕಥೆ ನಿಮ್ಮೂರ ಬಸ್ ಸ್ಟ್ಯಾಂಡಿನಿಂದಲೇ ಶುರುವಾಗುತ್ತೆ.

ಸುಮ್ಮನೆ ಒಂದು ದೃಶ್ಯ ಕಲ್ಪಿಸಿಕೊಳ್ಳಿ. ಸಿಂದಗಿ ಹತ್ತಿರದ ಒಂದು ಹಳ್ಳಿ. ತಿಂಗಳುಗಟ್ಟಲೆ ಅವ್ವ ಮಾತು ಕಡಿಮೆ ಮಾಡಿದ್ದಾಳೆ. ಊಟ ಬಿಟ್ಟಿದ್ದಾಳೆ. "ನಾ ಯಾಕ ಇರಬೇಕು" ಅಂತಾಳೆ. ಮಗ ಬಸ್ ಹತ್ತಿಸಿಕೊಂಡು ಧಾರವಾಡಕ್ಕೆ ಕರಕೊಂಡು ಹೋಗ್ತಾನೆ. ಡಾಕ್ಟರ್ ನೋಡಿ, ಕಾಯಿಲೆ ತೀವ್ರ ಆಗಿದೆ, ಇಸಿಟಿ ಕೊಡೋಣ ಅಂತಾರೆ. ಜನರ ಬಾಯಲ್ಲಿ 'ಕರೆಂಟ್ ಕೊಡೋದು' ಅಂತಾರಲ್ಲ, ಅದು. ಆಮೇಲೆ ಒಂದು ಪ್ರಶ್ನೆ ಕೇಳ್ತಾರೆ: "ಮನೆಯಲ್ಲಿ ಇವರು ಏನೇನು ಗುಳಿಗೆ ತಗೋತಾರೆ?"

ಮಗ ಹೇಳ್ತಾನೆ: "ಏನೂ ಇಲ್ರೀ ಸರ. ಬಿಪಿ ಗುಳಿಗಿ ಒಂದ."

ಅದೇ ಹೊತ್ತಿಗೆ ಅವ್ವನ ಕೈಚೀಲದಲ್ಲಿ, ಎಲಿ ಅಡಿಕಿ ಪಕ್ಕದಲ್ಲಿ, ಅರ್ಧ ಖಾಲಿಯಾದ ಇನ್ನೊಂದು ಸ್ಟ್ರಿಪ್ ಇರುತ್ತೆ. ಎರಡು ವರ್ಷದಿಂದ ರಾತ್ರಿ ಒಂದು. ಮನೆಯಲ್ಲಿ ಯಾರೂ ಅದನ್ನ ಔಷಧ ಅಂತ ಲೆಕ್ಕಕ್ಕೆ ಹಿಡಿದೇ ಇಲ್ಲ. ಅದು ಬರೀ 'ನಿದ್ದಿ ಗುಳಿಗಿ'.

ಇವತ್ತಿನ ಸಂಚಿಕೆ ಆ ಸ್ಟ್ರಿಪ್ ಬಗ್ಗೆ. ಅದು ಆ ಕರೆಂಟಿಗೆ ಏನು ಮಾಡುತ್ತೆ? ಡಾಕ್ಟರ್ ಆ ಪ್ರಶ್ನೆ ಯಾಕೆ ಕೇಳ್ತಾರೆ? ಆ ಒಂದು ಪ್ರಶ್ನೆ ಹುಟ್ಟೋದಕ್ಕೆ ಎಷ್ಟು ವರ್ಷ, ಎಷ್ಟು ಜೀವ ಬೇಕಾಯ್ತು?

ಮೊದಲು ಬಂದದ್ದು ಕರ್ಪೂರ

1934ರ ಜನವರಿ. ಹಂಗೇರಿ ದೇಶದ ಬುಡಾಪೆಸ್ಟ್ ನಗರ. ಲಾಡಿಸ್ಲಾಸ್ ಮೆಡುನಾ ಅನ್ನೋ ವೈದ್ಯರು ಒಬ್ಬ ಮಾನಸಿಕ ರೋಗಿಗೆ ಎಣ್ಣೆಯಲ್ಲಿ ಕರಗಿಸಿದ ಕರ್ಪೂರದ ಇಂಜೆಕ್ಷನ್ ಕೊಟ್ಟರು. ಹೌದು, ನಾವು ಆರತಿಗೆ ಹಚ್ಚೋ ಅದೇ ಕರ್ಪೂರ. ಅವರ ಉದ್ದೇಶ ಒಂದೇ: ರೋಗಿಗೆ ಫಿಟ್ಸ್ ಬರಿಸೋದು. ಮೂರ್ಛೆರೋಗ ಇದ್ದವರಲ್ಲಿ ಸ್ಕಿಜೋಫ್ರೇನಿಯಾ ಕಡಿಮೆ, ಎರಡೂ ಒಂದಕ್ಕೊಂದು ವಿರೋಧಿಗಳು ಅಂತ ಅವರು ನಂಬಿದ್ದರು. ಆ ಸಿದ್ಧಾಂತ ಮುಂದೆ ನಿಲ್ಲಲಿಲ್ಲ. ಆದ್ರೆ ಕೆಲವು ರೋಗಿಗಳು ನಿಜಕ್ಕೂ ಚೇತರಿಸಿಕೊಂಡರು.

ಕರ್ಪೂರದಿಂದ ಫಿಟ್ಸ್ ಯಾವಾಗ ಬರುತ್ತೆ ಅನ್ನೋದಕ್ಕೆ ಗ್ಯಾರಂಟಿ ಇರಲಿಲ್ಲ. ಹಾಗಾಗಿ ಮೆಡುನಾ ಬೇಗ ಕೆಲಸ ಮಾಡೋ ಕಾರ್ಡಿಯಜಾಲ್ ಅನ್ನೋ ರಾಸಾಯನಿಕಕ್ಕೆ ಬದಲಾದರು. ಆ ಔಷಧ ನಮ್ಮ ರಾಜ್ಯಕ್ಕೂ ಬೇಗ ಬಂತು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಡಾ. ಎಂ.ವಿ. ಗೋವಿಂದಸ್ವಾಮಿ 1939ರಲ್ಲಿ ಕಾರ್ಡಿಯಜಾಲ್ ಚಿಕಿತ್ಸೆಯ ಬಗ್ಗೆ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಗೆ ಬರೆದರು. ಮುಂದೆ ನಿಮ್ಹಾನ್ಸ್ ಆಗಿ ಬೆಳೆದದ್ದು ಅದೇ ಆಸ್ಪತ್ರೆ.

ಕಾರ್ಡಿಯಜಾಲಿನ ದೊಡ್ಡ ತೊಂದರೆ ಅಂದ್ರೆ ಭಯ. ಇಂಜೆಕ್ಷನ್ ಕೊಟ್ಟು ಫಿಟ್ಸ್ ಬರೋ ತನಕ ರೋಗಿಗೆ ಪ್ರಜ್ಞೆ ಇರುತ್ತಿತ್ತು, ಆ ಕೆಲವು ಕ್ಷಣ ಸಾವೇ ಬಂದಂಗೆ ಅನಿಸುತ್ತಿತ್ತು. ಇದಕ್ಕೆ ಪರಿಹಾರ ಹುಡುಕಿದವರು ರೋಮ್ ನಗರದ ಉಗೊ ಚೆರ್ಲೆಟ್ಟಿ ಮತ್ತು ಲೂಚಿಯೊ ಬಿನಿ. 1938ರ ಏಪ್ರಿಲ್‌ನಲ್ಲಿ, ರೈಲ್ವೆ ನಿಲ್ದಾಣದಲ್ಲಿ ದಿಕ್ಕು ತೋಚದೆ ಅಲೆಯುತ್ತಿದ್ದ ಒಬ್ಬ ವ್ಯಕ್ತಿಗೆ ಅವರು ಮೊದಲ ಸಲ ವಿದ್ಯುತ್ತಿನಿಂದ ಫಿಟ್ಸ್ ಬರಿಸಿದರು. ಕರೆಂಟು ಹರಿದ ಕ್ಷಣವೇ ಪ್ರಜ್ಞೆ ಹೋಗುತ್ತೆ, ಕಾಯುವ ಭಯ ಇಲ್ಲ. ಈ ಚಿಕಿತ್ಸೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡೋದು ತೀವ್ರ ಖಿನ್ನತೆಗೆ ಅಂತ ಸ್ವಲ್ಪ ವರ್ಷದಲ್ಲೇ ಗೊತ್ತಾಯ್ತು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡ್ಕೊಳ್ಳಿ, ಮುಂದಿನ ಕಥೆಯೆಲ್ಲ ಇದರ ಮೇಲೆ ನಿಂತಿದೆ. ಇಸಿಟಿಯಲ್ಲಿ ಕರೆಂಟು ಬರೀ ಕಡ್ಡಿ ಗೀರಿದಂಗೆ. ಹೊತ್ತಿಕೊಳ್ಳೋ ದೀಪ ಅಂದ್ರೆ ಫಿಟ್ಸ್. ಮಿದುಳಲ್ಲಿ ಫಿಟ್ಸ್ ಸರಿಯಾಗಿ ಬರದೇ ಹೋದ್ರೆ ಚಿಕಿತ್ಸೆ ಆಗಲೇ ಇಲ್ಲ ಅಂತ ಅರ್ಥ.

'ಧಾರವಾಡಕ್ಕೆ ಹಾಕೋದು'

ನಮ್ಮ ಕಡೆ ಯಾರಾದ್ರೂ ಸ್ವಲ್ಪ ವಿಚಿತ್ರ ಮಾತಾಡಿದ್ರೆ "ಇವನ್ನ ಧಾರವಾಡಕ್ಕ ಹಾಕಬೇಕ ನೋಡು" ಅಂತ ಚಾಷ್ಟಿ ಮಾಡ್ತಾರಲ್ಲ, ಆ ಮಾತಿಗೂ ಇತಿಹಾಸ ಇದೆ. ಆಗಿನ ಬಿಜಾಪುರ ಜಿಲ್ಲೆ 1956ರ ತನಕ ಮುಂಬೈ ಆಡಳಿತದಲ್ಲಿತ್ತು. ಇಂಡಿಯವರಿಗಾಗಲಿ ಬಾಗೇವಾಡಿಯವರಿಗಾಗಲಿ ಬೆಂಗಳೂರು ಅಂದ್ರೆ ಬೇರೆ ರಾಜ್ಯ. ಕನ್ನಡ ಮಾತಾಡೋ ನೆಲದಲ್ಲಿ ಹತ್ತಿರದ ಮಾನಸಿಕ ಆಸ್ಪತ್ರೆ ಅಂದ್ರೆ ಧಾರವಾಡದ್ದೇ. 19ನೇ ಶತಮಾನದ ನಡುವೆ ಬ್ರಿಟಿಷರ ಕಾಲದಲ್ಲಿ 'ಹುಚ್ಚಾಸ್ಪತ್ರೆ'ಯಾಗಿ ಶುರುವಾದ ಅದು ಇವತ್ತು ಡಿಮ್ಹಾನ್ಸ್.

ಹಳೆಯ ಕಾಲದ ಇಸಿಟಿಯ ಬಗ್ಗೆ ಇರುವ ಭಯ ಸುಳ್ಳಲ್ಲ. ಜಗತ್ತಿನ ಎಷ್ಟೋ ಆಸ್ಪತ್ರೆಗಳಲ್ಲಿ ಅರಿವಳಿಕೆ ಇಲ್ಲದೆ ಕೊಡುತ್ತಿದ್ದರು. ಮೈ ಜಗ್ಗಿ ಎಲುಬು ಮುರಿದದ್ದೂ ಇದೆ. 1950ರ ದಶಕದಲ್ಲಿ ಸಕ್ಸಿನೈಲ್‌ಕೋಲಿನ್ ಅನ್ನೋ ಸ್ನಾಯು ಸಡಿಲಿಸುವ ಔಷಧ ಬಂದ ಮೇಲೆ ಚಿತ್ರ ಬದಲಾಯಿತು. ರೋಗಿ ಅರಿವಳಿಕೆಯಲ್ಲಿ ಮಲಗಿರುತ್ತಾರೆ, ಫಿಟ್ಸ್ ಮಿದುಳಲ್ಲಿ ಆಗುತ್ತೆ, ಮೈ ಹೆಚ್ಚು ಜಗ್ಗೋದಿಲ್ಲ. ಅಂದ್ರೆ ಈ ಚಿಕಿತ್ಸೆಯನ್ನ ಸುರಕ್ಷಿತ ಮಾಡಿದ್ದೂ ಒಂದು ಔಷಧವೇ. ಆದ್ರೆ ಎಲ್ಲ ಔಷಧವೂ ಹಂಗೆ ಸ್ನೇಹಿತ ಆಗಲಿಲ್ಲ.

ಸರ್ಪಗಂಧ ಕೊಟ್ಟ ಎಚ್ಚರಿಕೆ

ಮೊದಲ ದೊಡ್ಡ ಎಚ್ಚರಿಕೆ ಬಂದದ್ದು ನಮ್ಮ ದೇಶದ ಒಂದು ಗಿಡದಿಂದ. ಸರ್ಪಗಂಧ. ಇದರ ಬೇರನ್ನ ನಿದ್ದೆಗೆ, ತಲೆ ಕೆಟ್ಟವರಿಗೆ ಕೊಡೋದು ಭಾರತದಲ್ಲಿ ಹಳೆಯ ಪದ್ಧತಿ. 1931ರಲ್ಲಿ ಕಲ್ಕತ್ತಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಇದು ರಕ್ತದೊತ್ತಡ ಇಳಿಸುತ್ತೆ, ಮಾನಸಿಕ ಕಾಯಿಲೆಗೂ ಉಪಯೋಗ ಅಂತ ಬರೆದರು. 1949ರಲ್ಲಿ ಮುಂಬೈಯ ರುಸ್ತುಂ ಜಾಲ್ ವಕೀಲ್ ಅವರ ಲೇಖನ ಬ್ರಿಟನ್ನಿನ ಹೃದಯರೋಗ ಪತ್ರಿಕೆಯಲ್ಲಿ ಬಂತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿ ಆ ಬೇರಿನಿಂದ ರಿಸರ್ಪಿನ್ ಅನ್ನೋ ಸಾರ ತೆಗೆಯಿತು. ಎರಡು ವರ್ಷದಲ್ಲಿ ಅದು ಅಮೆರಿಕದ ಮಾನಸಿಕ ಆಸ್ಪತ್ರೆಗಳ ವಾರ್ಡು ಮುಟ್ಟಿತ್ತು.

ಆ ವಾರ್ಡುಗಳಲ್ಲಿ ಇಸಿಟಿ ಆಗಲೇ ನಡೀತಿತ್ತು. ಹೊಸ ಗುಳಿಗೆ, ಹಳೇ ಕರೆಂಟು, ಎರಡೂ ಕೊಟ್ರೆ ಇನ್ನೂ ಚಲೋ ಆಗಬಹುದು ಅಂತ ಕೆಲವರು ಅಂದುಕೊಂಡರು. 1950ರ ದಶಕದ ಮಧ್ಯದಲ್ಲಿ, ರಿಸರ್ಪಿನ್ ತಗೊಳ್ಳುತ್ತಿದ್ದ ರೋಗಿಗಳು ಇಸಿಟಿ ಹೊತ್ತಲ್ಲಿ ಸತ್ತ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದವು. ರಿಸರ್ಪಿನ್ ಇದ್ದ ಮೈಯಲ್ಲಿ ಇಸಿಟಿ ಹೊತ್ತಿಗೆ ರಕ್ತದೊತ್ತಡ ಕುಸಿದು ಬೀಳುವ ಅಪಾಯ ಇತ್ತು. ಅಲ್ಲಿಂದ ಮುಂದೆ ಒಂದು ನಿಯಮ ಆಯ್ತು: ಇಸಿಟಿಗೆ ಮೊದಲು ಈ ಗುಳಿಗೆ ನಿಲ್ಲಿಸಬೇಕು.

"ಏನೇನು ಗುಳಿಗೆ ತಗೋತಾರೆ?" ಅನ್ನೋ ಪ್ರಶ್ನೆಯ ಹಿಂದೆ ಇಂಥ ಸಾವುಗಳಿವೆ.

ಗುಳಿಗೆಯ ಯುಗ, ಬೆಂಗಳೂರಿನ ಪ್ರಯೋಗ

1957 ಒಂದು ವಿಶೇಷ ವರ್ಷ. ಸ್ವಿಟ್ಜರ್ಲೆಂಡಿನ ರೋಲಂಡ್ ಕುನ್, ಇಮಿಪ್ರಮೀನ್ ಅನ್ನೋ ಗುಳಿಗೆ ಖಿನ್ನತೆ ಇಳಿಸುತ್ತೆ ಅಂತ ವರದಿ ಮಾಡಿದರು. ಅದೇ ವರ್ಷ ಅಮೆರಿಕದಲ್ಲಿ ಟಿಬಿಗೆ ಅಂತ ಬಂದಿದ್ದ ಇಪ್ರೋನಿಯಾಜಿಡ್ ಕೂಡ ಖಿನ್ನತೆಗೆ ಕೆಲಸ ಮಾಡುತ್ತೆ ಅಂತ ಹೇಳಿದರು. ಟಿಬಿ ಔಷಧದ ಈ ಮಾತು ನೆನಪಿಟ್ಕೊಳ್ರಿ, ಕೊನೆಗೆ ಮತ್ತೆ ಬರುತ್ತೆ.

ಗುಳಿಗೆ ಬಂದ ಮೇಲೆ ಇಸಿಟಿ ಹಿಂದೆ ಸರಿಯಿತು, ಮಾಯ ಆಗಲಿಲ್ಲ. ವಾಸ್ತವದಲ್ಲಿ ಹೆಚ್ಚಿನ ರೋಗಿಗಳಿಗೆ ಎರಡೂ ಸಿಗುತ್ತಿತ್ತು. ಹಂಗಾದಾಗ ವಾಸಿ ಮಾಡಿದ್ದು ಯಾವುದು ಅಂತ ಹೇಳೋದು ಹೆಂಗೆ?

ಇದನ್ನ ಬಿಡಿಸಲು ಹೊರಟ ಒಂದು ಪ್ರಯೋಗ ನಮ್ಮ ನಿಮ್ಹಾನ್ಸ್‌ನಲ್ಲಿ ನಡೆಯಿತು. ಬಿ.ಎನ್. ಗಂಗಾಧರ್, ಆರ್.ಎಲ್. ಕಪೂರ್, ಎಸ್. ಕಲ್ಯಾಣಸುಂದರಂ ಅವರ ಆ ಅಧ್ಯಯನ 1982ರಲ್ಲಿ ಬ್ರಿಟನ್ನಿನ ಮನೋವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯ್ತು. ಅದರ ಕಟ್ಟೋಣ ನೋಡ್ರಿ. ಒಂದು ಗುಂಪಿಗೆ ನಿಜವಾದ ಇಸಿಟಿ, ಜೊತೆಗೆ ಔಷಧವೇ ಇಲ್ಲದ ಹುಸಿ ಗುಳಿಗೆ. ಇನ್ನೊಂದು ಗುಂಪಿಗೆ ನಿಜವಾದ ಇಮಿಪ್ರಮೀನ್, ಜೊತೆಗೆ ಹುಸಿ ಇಸಿಟಿ. ತನಗೆ ಸಿಕ್ಕಿದ್ದು ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಗುಣ ಅಳೆಯುವ ವೈದ್ಯರಿಗೂ ಗೊತ್ತಿಲ್ಲ. ಗುಳಿಗೆ ಮತ್ತು ಕರೆಂಟನ್ನ ತಕ್ಕಡಿಯ ಎರಡು ಕಡೆ ಇಟ್ಟು ತೂಗುವ ಇಂಥ ಕೆಲಸ ಜಗತ್ತಿನಲ್ಲೇ ಅಪರೂಪವಾಗಿತ್ತು. ಈ ತಂಡದ ಕಪೂರ್ ಅಂದ್ರೆ ಉಡುಪಿ ಕಡೆಯ ಕೋಟ ಗ್ರಾಮದ ಜನರ ಮನಸ್ಸಿನ ಬಗ್ಗೆ ಪುಸ್ತಕ ಬರೆದವರಲ್ಲಿ ಒಬ್ಬರು. ಗಂಗಾಧರ್ ಮುಂದೆ ನಿಮ್ಹಾನ್ಸ್ ನಿರ್ದೇಶಕರಾದರು.

ಸ್ಟ್ರಿಪ್ಪಿನೊಳಗಿನ ಬ್ರೇಕು

ಈಗ ಅವ್ವನ ಕೈಚೀಲಕ್ಕೆ ವಾಪಸ್ ಬರೋಣ. ಆ ನಿದ್ದಿ ಗುಳಿಗಿ ಸಾಮಾನ್ಯವಾಗಿ ಬೆಂಜೋಡಯಾಜೆಪಿನ್ ಅನ್ನೋ ಕುಟುಂಬದ್ದು. ಡಯಾಜೆಪಾಂ, ಅಲ್ಪ್ರಜೋಲಾಂ, ಕ್ಲೊನಾಜೆಪಾಂ, ಲೊರಾಜೆಪಾಂ. 1960ರಲ್ಲಿ ಈ ಕುಟುಂಬದ ಮೊದಲ ಗುಳಿಗೆ ಮಾರುಕಟ್ಟೆಗೆ ಬಂತು, 1963ರಲ್ಲಿ ಡಯಾಜೆಪಾಂ ಬಂತು. ನಮ್ಮ ಮಿದುಳಲ್ಲಿ ಗಾಬಾ ಅನ್ನೋ ಒಂದು ರಾಸಾಯನಿಕ ಇದೆ, ನರಗಳ ಗಲಾಟೆ ತಣ್ಣಗೆ ಮಾಡೋದು ಅದರ ಕೆಲಸ. ಈ ಗುಳಿಗೆಗಳು ಗಾಬಾದ ಕೈ ಬಲ ಮಾಡ್ತವೆ. ಅದಕ್ಕೇ ನಿದ್ದೆ ಬರುತ್ತೆ, ಆತಂಕ ಇಳಿಯುತ್ತೆ. ಅದಕ್ಕೇ ಫಿಟ್ಸ್ ಬಂದವರಿಗೂ ಇದನ್ನೇ ಕೊಡ್ತಾರೆ, ಫಿಟ್ಸ್ ನಿಲ್ಲಿಸೋಕೆ.

ಸಿಕ್ತಲ್ಲ? ಇಸಿಟಿಗೆ ಬೇಕಾಗಿರೋದು ಫಿಟ್ಸ್. ಈ ಗುಳಿಗೆ ಮಾಡೋದು ಫಿಟ್ಸ್ ತಡೆಯೋದು. ಒಂದು ಕಾಲು ಆಕ್ಸಿಲರೇಟರ್ ಮೇಲೆ, ಇನ್ನೊಂದು ಕಾಲು ಬ್ರೇಕ್ ಮೇಲೆ ಇಟ್ಟು ಕಾರು ಓಡಿಸಿದಂಗೆ. ಫಿಟ್ಸ್ ಬರಿಸಲು ಹೆಚ್ಚು ಕರೆಂಟು ಬೇಕಾಗಬಹುದು, ಬಂದರೂ ಬೇಗ ನಿಲ್ಲಬಹುದು. ಕರೆಂಟು ಹೆಚ್ಚಾದಷ್ಟೂ ಆಮೇಲಿನ ಮರೆವು ಹೆಚ್ಚಾಗುವ ಸಾಧ್ಯತೆ ಇದೆ. ಇನ್ನೊಂದು ಕಡೆ, ದಮ್ಮಿಗೆ ಕೊಡುವ ಥಿಯೋಫಿಲಿನ್ ಗುಳಿಗೆ ಉಲ್ಟಾ ಕೆಲಸ ಮಾಡುತ್ತೆ, ಫಿಟ್ಸನ್ನ ಬೇಕಾದ್ದಕ್ಕಿಂತ ಉದ್ದ ಎಳೆಯಬಹುದು. ಹಾಗಾಗಿ "ಅದು ತಲಿಗೆ ಸಂಬಂಧ ಇಲ್ಲದ ಗುಳಿಗಿ" ಅಂತ ದಮ್ಮಿನ ಗುಳಿಗೆಯನ್ನೂ ಬಿಟ್ಟು ಹೇಳಬಾರದು. ಲಿಥಿಯಂ ಜೊತೆಯಲ್ಲಿದ್ರೆ ಇಸಿಟಿ ಆದ ಮೇಲೆ ಕೆಲವರಿಗೆ ಗೊಂದಲ ಹೆಚ್ಚಾಗಬಹುದು ಅನ್ನೋ ಕಾರಣಕ್ಕೆ ಅದನ್ನೂ ನೋಡಿಕೊಂಡು ಕೊಡ್ತಾರೆ.

ಹಾಗಾದ್ರೆ ಫಿಟ್ಸ್ ತಡೆಯೋ ಎಲ್ಲ ಗುಳಿಗೆನೂ ಕಣ್ಣು ಮುಚ್ಚಿ ನಿಲ್ಲಿಸಿಬಿಡಬೇಕಾ? ಇಲ್ಲಿ ಇತಿಹಾಸ ಸ್ವಲ್ಪ ತಿರುವು ತಗೊಳ್ಳುತ್ತೆ, ತಿರುವು ಕೊಟ್ಟಿದ್ದು ಮತ್ತೆ ನಿಮ್ಹಾನ್ಸೇ. ಬೈಪೋಲಾರ್ ಕಾಯಿಲೆಯವರಿಗೆ ವಾಲ್‌ಪ್ರೊಯೇಟ್‌ನಂಥ ಫಿಟ್ಸ್ ಗುಳಿಗೆಗಳನ್ನೇ ಮನಸ್ಸು ಸ್ಥಿರವಾಗಿಡಲು ಕೊಡ್ತಾರೆ. ಇಸಿಟಿ ಹೊತ್ತಲ್ಲಿ ಇದನ್ನ ಏನು ಮಾಡಬೇಕು? 2017ರಲ್ಲಿ ಪ್ರಕಟವಾದ ನಿಮ್ಹಾನ್ಸ್ ಅಧ್ಯಯನವೊಂದು ರೋಗಿಗಳನ್ನ ಮೂರು ಗುಂಪು ಮಾಡಿತು: ಗುಳಿಗೆ ಪೂರ್ತಿ ಮುಂದುವರಿಸಿದವರು, ಅರ್ಧ ಮಾಡಿದವರು, ನಿಲ್ಲಿಸಿದವರು. ಉನ್ಮಾದ ಇಳಿಯುವ ವಿಷಯದಲ್ಲಿ ಮೂರು ಗುಂಪಿನ ನಡುವೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಇದು ಖಿನ್ನತೆಯ ಅಧ್ಯಯನ ಅಲ್ಲ, ಉನ್ಮಾದದ್ದು, ಅದನ್ನ ಮರೆಯಬಾರದು. ಆದ್ರೂ ಒಂದು ಪಾಠ ಇದೆ. ಬ್ರೇಕಿನ ಲೆಕ್ಕ ಪುಸ್ತಕದಲ್ಲಿ ಸುಲಭ. ರೋಗಿಯ ಮೈಯಲ್ಲಿ ಏನಾಗುತ್ತೆ ಅನ್ನೋದನ್ನ ಅಳೆದೇ ನೋಡಬೇಕು. ಯಾವ ಗುಳಿಗೆ ಬಿಡಬೇಕು, ಯಾವುದು ಇಳಿಸಬೇಕು, ಯಾವುದು ಇರಬೇಕು ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಥರ.

ಮನೆಗೆ ಬಂದ ಮೇಲಿನ ಆರು ತಿಂಗಳು

ನನ್ನ ಪ್ರಕಾರ ಇಡೀ ಕಥೆಯಲ್ಲಿ ನಮ್ಮ ಹಳ್ಳಿಗಳಿಗೆ ಎಲ್ಲಕ್ಕಿಂತ ಹತ್ತಿರದ ಭಾಗ ಇದು. ಅವ್ವ ವಾಸಿಯಾದಳು. ಊಟ ಮಾಡ್ತಾಳೆ, ಮಾತಾಡ್ತಾಳೆ, ಜೋಳ ಹಸನ ಮಾಡ್ತಾಳೆ. ಮನೆಯವರು ಏನಂತಾರೆ? "ಆರಾಮ ಆಗ್ಯಾಳ, ಇನ್ನ ಗುಳಿಗಿ ಯಾಕ?"

2001ರಲ್ಲಿ ಅಮೆರಿಕದ ಹೆರಾಲ್ಡ್ ಸ್ಯಾಕೈಮ್ ಮತ್ತು ಸಂಗಡಿಗರು ಇದಕ್ಕೆ ಉತ್ತರ ಕೊಟ್ಟರು. ಇಸಿಟಿಯಿಂದ ಖಿನ್ನತೆ ವಾಸಿಯಾದ 84 ಜನರನ್ನ ಮೂರು ಗುಂಪು ಮಾಡಿ 24 ವಾರ ನೋಡಿದರು. ಹುಸಿ ಗುಳಿಗೆ ಸಿಕ್ಕವರಲ್ಲಿ ಕಾಯಿಲೆ ಮರಳಿದ್ದು ನೂರಕ್ಕೆ 84 ಜನರಿಗೆ. ನಾರ್ಟ್ರಿಪ್ಟಿಲಿನ್ ಅನ್ನೋ ಖಿನ್ನತೆಯ ಗುಳಿಗೆ ಸಿಕ್ಕವರಲ್ಲಿ 60. ಅದರ ಜೊತೆ ಲಿಥಿಯಂ ಕೂಡ ಸಿಕ್ಕವರಲ್ಲಿ 39.

ಮತ್ತೊಮ್ಮೆ ಕೇಳ್ರಿ. 84, 60, 39. ಕರೆಂಟು ಬಿದ್ದವರನ್ನ ಎಬ್ಬಿಸುತ್ತೆ. ಎದ್ದವರನ್ನ ನಿಲ್ಲಿಸಿಕೊಳ್ಳೋದು ಆಮೇಲಿನ ಚಿಕಿತ್ಸೆ. ಕೆಲವರಿಗೆ ಗುಳಿಗೆ, ಕೆಲವರಿಗೆ ಆಗಾಗ ಒಂದೊಂದು ಇಸಿಟಿ. ಮುದ್ದೇಬಿಹಾಳದಿಂದ ಧಾರವಾಡಕ್ಕೆ ಹೋಗಿಬರೋದು ಅಂದ್ರೆ ಒಂದು ದಿನದ ಕೂಲಿ ಹೋಯ್ತು, ಬಸ್ ಚಾರ್ಜು ಬೇರೆ. ಆ ಖರ್ಚಿಗೆ ಅಂಜಿ ಮುಂದಿನ ಭೇಟಿ ತಪ್ಪಿಸಿದ್ರೆ, ಮತ್ತೆ ಮೊದಲಿಂದ ಶುರು ಮಾಡೋ ಖರ್ಚು ಅದಕ್ಕಿಂತ ದೊಡ್ಡದು. ಅದಕ್ಕೇ ಹೊರಡೋ ಮುಂದೆನೇ ಕೇಳಿಕೊಂಡು ಬರಬೇಕು: ಈ ಗುಳಿಗೆ ವಿಜಯಪುರದ ಜಿಲ್ಲಾ ಆಸ್ಪತ್ರೆಯಲ್ಲಿ ಸಿಗುತ್ತಾ, ಅಲ್ಲೇ ತೋರಿಸಬಹುದಾ?

ಆಯಸ್ಕಾಂತ ಬಂತು, ಪ್ರಶ್ನೆ ಹೋಗಲಿಲ್ಲ

1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದ ಆಂಥನಿ ಬಾರ್ಕರ್ ತಂಡ, ತಲೆಯ ಹೊರಗಿಂದ ಆಯಸ್ಕಾಂತದ ಬಲದಿಂದ ಮಿದುಳನ್ನ ತಟ್ಟಬಹುದು ಅಂತ ತೋರಿಸಿತು. ಅದೇ ಟಿಎಂಎಸ್. ಅಮೆರಿಕದ ಎಫ್‌ಡಿಎ 2008ರಲ್ಲಿ ಖಿನ್ನತೆಗೆ ಇದನ್ನ ಒಪ್ಪಿತು. ಅರಿವಳಿಕೆ ಬೇಡ, ಫಿಟ್ಸ್ ಬೇಡ, ಎಚ್ಚರ ಇರುವಾಗಲೇ ಕುರ್ಚಿಯಲ್ಲಿ ಕೂತು ತಗೋಬಹುದು. ಆದ್ರೆ ವಾರಕ್ಕೆ ಐದು ದಿನದಂತೆ ನಾಲ್ಕಾರು ವಾರ ಹೋಗಬೇಕಾಗುತ್ತೆ.

ಇಲ್ಲಿ ಲೆಕ್ಕ ತಿರುವುಮುರುವು. ಇಸಿಟಿಯಲ್ಲಿ ಫಿಟ್ಸೇ ಚಿಕಿತ್ಸೆ. ಟಿಎಂಎಸ್‌ನಲ್ಲಿ ಫಿಟ್ಸ್ ಅಪರೂಪದ, ಬೇಡದ ಅಪಾಯ. ಹಾಗಾಗಿ ಬುಪ್ರೊಪಿಯಾನ್, ಕ್ಲೋಜಪಿನ್ ಥರ ಫಿಟ್ಸ್ ಬೇಗ ಬರಿಸಬಲ್ಲ ಗುಳಿಗೆಗಳ ಬಗ್ಗೆ ಇಲ್ಲಿ ಎಚ್ಚರ ಬೇಕು. ಫಿಟ್ಸ್ ತಡೆಯೋ ನಿದ್ದಿ ಗುಳಿಗಿ ಇದ್ರೆ ಒಳ್ಳೇದೇ ಅಲ್ವಾ ಅಂತ ನೀವು ಕೇಳಬಹುದು. ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ಸಂಶೋಧಕರು 2019ರಲ್ಲಿ 181 ರೋಗಿಗಳ ದಾಖಲೆ ನೋಡಿದಾಗ, ಬೆಂಜೋಡಯಾಜೆಪಿನ್ ತಗೊಳ್ಳುತ್ತಿದ್ದವರಿಗೆ ಟಿಎಂಎಸ್‌ನಿಂದ ಆದ ಗುಣ ಕಡಿಮೆ ಇತ್ತು. ಗುಳಿಗೆಯಿಂದಲೇ ಹಿಂಗಾಯ್ತಾ, ಅಥವಾ ಹೆಚ್ಚು ಆತಂಕ ಇರೋ ಗಟ್ಟಿ ಕಾಯಿಲೆಯವರೇ ಆ ಗುಳಿಗೆ ತಗೊಳ್ಳೋದರಿಂದ ಹಿಂಗೆ ಕಂಡಿತಾ? ಇಂಥ ಅಧ್ಯಯನ ಅದನ್ನ ಬಿಡಿಸಿ ಹೇಳಲಾರದು.

ಕೂಡಿ ಬಾಳೋ ಕಥೆಗಳೂ ಇವೆ. ತಲೆಗೆ ತೀರಾ ಸಣ್ಣ ಕರೆಂಟು ಹರಿಸುವ ಟಿಡಿಸಿಎಸ್ ಅನ್ನೋ ವಿಧಾನವನ್ನ ಬ್ರೆಜಿಲ್‌ನಲ್ಲಿ 120 ಜನರ ಮೇಲೆ ನೋಡಿದರು. 2013ರ ಆ ವರದಿಯಲ್ಲಿ ಸರ್ಟ್ರಲಿನ್ ಗುಳಿಗೆ ಮತ್ತು ಕರೆಂಟು ಎರಡೂ ಸಿಕ್ಕವರು, ಬರೀ ಒಂದು ಸಿಕ್ಕವರಿಗಿಂತ ಚಲೋ ಆದರು. 2022ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ 50 ಜನರ ಒಂದು ಸಣ್ಣ ಪ್ರಯೋಗ. ಟಿಎಂಎಸ್ ಜೊತೆ ಡಿ-ಸೈಕ್ಲೋಸೆರಿನ್ ಅನ್ನೋ ಗುಳಿಗೆ ಕೊಟ್ಟಾಗ ಗುಣ ಹೆಚ್ಚಾಯ್ತು. ಡಿ-ಸೈಕ್ಲೋಸೆರಿನ್ ಮೊದಲು ಯಾವುದಕ್ಕೆ ಬಳಸ್ತಿದ್ರು ಗೊತ್ತೇನ್ರಿ? ಟಿಬಿಗೆ. 1957ರಲ್ಲಿ ಟಿಬಿ ಗುಳಿಗೆಯಿಂದ ಶುರುವಾದ ಕಥೆ 65 ವರ್ಷಕ್ಕೆ ಇನ್ನೊಂದು ಟಿಬಿ ಗುಳಿಗೆಯ ಹತ್ತಿರ ಬಂದು ನಿಂತಿತು. ಇದು ಇನ್ನೂ ಸಂಶೋಧನೆ. ಯಾರೂ ಟಿಬಿ ಗುಳಿಗೆ ಹುಡುಕಿಕೊಂಡು ಹೋಗಬೇಡಿ.

ಕೈಚೀಲ ಬಿಚ್ಚೋದು

ತ್ರಿವೇಣಿಯವರ ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ 'ಶರಪಂಜರ' ನೋಡಿದೀರಾ? ಆಸ್ಪತ್ರೆಯಿಂದ ವಾಸಿಯಾಗಿ ಬಂದ ಹೆಣ್ಣುಮಗಳನ್ನ ಸುತ್ತಲಿನವರು ಸುಮ್ಮನೆ ಬಾಳಲು ಬಿಡೋದಿಲ್ಲ. ಆ ನಾಚಿಕೆ ಇವತ್ತಿಗೂ ಇದೆ. ಗುಳಿಗೆ ಮುಚ್ಚಿಡೋದು ಅಲ್ಲಿಂದಲೇ ಬರುತ್ತೆ. ಅಕ್ಕನ ಮದುವೆ ಆಗಬೇಕು, ಬೀಗರಿಗೆ ಗೊತ್ತಾಗಬಾರದು, ಸ್ಟ್ರಿಪ್ ಹಾಸಿಗೆ ಕೆಳಗೆ. ಹಂಗೆ ಮುಚ್ಚಿಟ್ಟಿದ್ದನ್ನ ಡಾಕ್ಟರ್ ಮುಂದೆ ತೆಗೆಯೋಕೂ ಬಾಯಿ ಬರೋದಿಲ್ಲ.

ಕಾನೂನು ಬದಲಾಗಿದೆ. 2018ರ ಮೇ 29ರಿಂದ ಜಾರಿಯಲ್ಲಿರೋ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅರಿವಳಿಕೆ, ಸ್ನಾಯು ಸಡಿಲಿಸುವ ಔಷಧ ಇಲ್ಲದೆ ಇಸಿಟಿ ಕೊಡುವಂತಿಲ್ಲ. ಮಕ್ಕಳಿಗೆ ಕೊಡಬೇಕಾದ್ರೆ ಪೋಷಕರ ಒಪ್ಪಿಗೆಯ ಜೊತೆ ಮಾನಸಿಕ ಆರೋಗ್ಯ ಮಂಡಳಿಯ ಅನುಮತಿಯೂ ಬೇಕು. ಅಲ್ಪ್ರಜೋಲಾಂ, ಡಯಾಜೆಪಾಂನಂಥ ಗುಳಿಗೆಗಳನ್ನ ವೈದ್ಯರ ಚೀಟಿ ಇಲ್ಲದೆ ಮಾರುವಂತೆಯೂ ಇಲ್ಲ. ಆದ್ರೆ ಕೈಚೀಲ ಬಿಚ್ಚಿಸೋ ಕಾನೂನು ಯಾವುದೂ ಇಲ್ಲ. ಅದನ್ನ ಮನೆಯವರೇ ಮಾಡಬೇಕು. ಮನೆಯಲ್ಲಿ ಇಂಗ್ಲಿಷ್ ಹೆಸರು ಓದಬಲ್ಲವರು, ಫೋನಲ್ಲಿ ಫೋಟೋ ತೆಗೆಯಬಲ್ಲವರು ನೀವು.

ಆಸ್ಪತ್ರೆಗೆ ಹೋಗೋ ಹಿಂದಿನ ರಾತ್ರಿ ಎಲ್ಲ ಸ್ಟ್ರಿಪ್ ಹೊರಗೆ ತೆಗೀರಿ. ನಿದ್ದಿದು, ಬಿಪಿದು, ದಮ್ಮಿಂದು, ಫಿಟ್ಸಿಂದು, ಊರ ವೈದ್ಯರು ಕೊಟ್ಟ ಪುಡಿನೂ. ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ದಿನದಿಂದ ಅಂತ ಬರೀರಿ, ಫೋಟೋ ತೆಗೀರಿ. ಇದರ ಜೊತೆ ಇನ್ನೊಂದು ಮಾತು: ಈ ಸಂಚಿಕೆ ಕೇಳಿ ನೀವೇ ಯಾವ ಗುಳಿಗೆಯನ್ನೂ ನಿಲ್ಲಿಸಬೇಡಿ. ಬಹಳ ದಿನ ತಗೊಂಡ ನಿದ್ದೆ ಗುಳಿಗೆಯನ್ನ ಒಮ್ಮೆಲೇ ಬಿಟ್ರೆ ಅದರಿಂದಲೇ ಫಿಟ್ಸ್ ಬರಬಹುದು. ಇಳಿಸೋದು ನಿಧಾನ, ಡಾಕ್ಟರ್ ಹೇಳಿದಂಗೆ.

ಇನ್ನು ಮನಸ್ಸು ತೀರಾ ಭಾರ ಆಗಿದೆ, ಬದುಕೋದೇ ಬೇಡ ಅನಿಸ್ತಿದೆ ಅಂದ್ರೆ ಧಾರವಾಡದ ಬಸ್ಸಿಗೆ ಕಾಯಬೇಡಿ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗಾದ್ರೂ ಸರಿ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು.

ಸಿಂದಗಿಯ ಆ ಮಗ ಈ ಸಂಚಿಕೆ ಕೇಳಿದ್ದ ಅಂತ ಇಟ್ಕೊಳ್ಳಿ. ಡಾಕ್ಟರ್ ಅದೇ ಪ್ರಶ್ನೆ ಕೇಳ್ತಾರೆ. ಅವನು ಈ ಸಲ ಅವ್ವನ ಕಡೆ ತಿರುಗ್ತಾನೆ. "ಅವ್ವಾ, ಆ ಚೀಲ ಕೊಡು ಇಲ್ಲೆ."